ಕಾರಿನ ಪವರ್ ಸೀಟು ಕದಲದಿದ್ದರೆ: ವಿದ್ಯುತ್ ದೋಷವನ್ನು ಹಂತ ಹಂತವಾಗಿ ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

ಮುಧೋಳದಲ್ಲಿರುವ ನಮ್ಮ ಸೋದರಮಾವನ ಕಾರಿನ ಚಾಲಕನ ಸೀಟು ಒಂದು ದಿನ ಪೂರ್ತಿ ಹಿಂದೆ ಸರಿದಿದ್ದ ಸ್ಥಿತಿಯಲ್ಲೇ ನಿಂತುಬಿಟ್ಟಿತು. ಯಾವ ಸ್ವಿಚ್ ಒತ್ತಿದರೂ ಸದ್ದಿಲ್ಲ. ಮಾವ ಎತ್ತರದ ಆಳಾದ್ದರಿಂದ ಅವರಿಗೆ ತೊಂದರೆಯಾಗಲಿಲ್ಲ, ಆದರೆ ಅತ್ತೆ ಕುಳಿತರೆ ಬ್ರೇಕ್ ಪೆಡಲಿಗೆ ಕಾಲು ಸರಿಯಾಗಿ ಎಟುಕುತ್ತಿರಲಿಲ್ಲ. ತೋರಿಸಿದ ಗ್ಯಾರೇಜಿನಲ್ಲಿ, ಮೋಟಾರುಗಳು ಸುಟ್ಟಿವೆ, ಕೆಳಚೌಕಟ್ಟನ್ನೇ ಬದಲಿಸಬೇಕು ಎಂದರು. ಮೂರು ಮೋಟಾರುಗಳು ಒಂದೇ ದಿನ ಸುಟ್ಟುಹೋಗುವುದು ನಂಬಲು ಕಷ್ಟವಾದ ಮಾತು. ಮೀಟರ್ ಹಿಡಿದು ಅಳೆಯುತ್ತ ಹೋದಾಗ ಸಿಕ್ಕಿದ್ದು ಕಾರ್ಪೆಟ್ಟಿನ ಕೆಳಗಿನ ಒಂದು ಅರ್ಥಿಂಗ್ ಬೋಲ್ಟ್ (ವಿದ್ಯುತ್ ಬ್ಯಾಟರಿಯ ನೆಗೆಟಿವ್‌ಗೆ ಮರಳಲೆಂದು ತಂತಿಯನ್ನು ಕಾರಿನ ಲೋಹಕ್ಕೆ ಸೇರಿಸುವ ಬೋಲ್ಟ್) ಮತ್ತು ಅದರ ಸುತ್ತ ದಪ್ಪಗೆ ಕಟ್ಟಿದ್ದ ಹಸಿರು ಕಿಲುಬು. ಅದನ್ನು ಮರಳು ಕಾಗದದಿಂದ ಉಜ್ಜಿ ತೆಗೆದು ಬಿಗಿದ ಮೇಲೆ ಅವೇ ಮೋಟಾರುಗಳು ಇಂದಿಗೂ ನಡೆಯುತ್ತಿವೆ.

ಆ ದಿನ ಅನುಸರಿಸಿದ ಕ್ರಮವನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಇದರ ತಿರುಳು ಇಷ್ಟು: ಯಾವ ಭಾಗವನ್ನೂ ಬದಲಿಸುವ ಮೊದಲು, ಬ್ಯಾಟರಿಯಿಂದ ಹೊರಟ ವಿದ್ಯುತ್ ಎಲ್ಲಿಯವರೆಗೆ ತಲುಪಿದೆ ಮತ್ತು ಎಲ್ಲಿ ನಿಂತಿದೆ ಎಂಬುದನ್ನು ಅಳೆದು ತಿಳಿದುಕೊಳ್ಳಬೇಕು, ಮತ್ತು ಆ ಅಳತೆಯನ್ನು ಸ್ವಿಚ್ ಒತ್ತಿ ಹಿಡಿದಿರುವಾಗಲೇ ಮಾಡಬೇಕು.

ವಿದ್ಯುತ್ ಹರಿಯುವ ದಾರಿ

ಪವರ್ ಸೀಟಿನಲ್ಲಿ ಪ್ರತಿ ಚಲನೆಗೂ ಒಂದೊಂದು ಸಣ್ಣ ಡಿಸಿ ಮೋಟಾರ್ ಇರುತ್ತದೆ. ಸೀಟು ಹಿಂದೆ ಮುಂದೆ ಸರಿಯುವುದು, ಮೇಲೆ ಕೆಳಗೆ ಆಗುವುದು, ಬೆನ್ನೊರಗು ಬಾಗುವುದು, ಈ ಮೂರೂ ಇದ್ದರೆ ಅದು ಆರು ದಿಕ್ಕಿನ ಸೀಟು. ಕುಳಿತುಕೊಳ್ಳುವ ಭಾಗದ ಮುಂಬದಿ ಬೇರೆಯಾಗಿ ಏರಿಳಿಯುವಂತಿದ್ದರೆ ಎಂಟು ದಿಕ್ಕಿನದು. ಬ್ಯಾಟರಿಯಿಂದ ಹೊರಟ ತಂತಿ ಫ್ಯೂಸ್ ಮೂಲಕ ಹಾದು, ಸೀಟಿನ ಕೆಳಗಿನ ದೊಡ್ಡ ಕಪ್ಲರ್ (ತಂತಿಗಳನ್ನು ಕೂಡಿಸುವ, ಬಿಚ್ಚಬಹುದಾದ ಜೋಡಣೆ) ದಾಟಿ, ಸೀಟಿನ ಪಕ್ಕದ ಸ್ವಿಚ್ಚಿಗೆ ಬರುತ್ತದೆ. ಅಲ್ಲಿಂದ ಪ್ರತಿ ಮೋಟಾರಿಗೂ ಎರಡೆರಡು ದಪ್ಪ ತಂತಿಗಳು ಹೋಗುತ್ತವೆ.

ಇಲ್ಲಿ ಗಮನವಿಟ್ಟು ತಿಳಿಯಬೇಕಾದ ಒಂದು ಸಂಗತಿಯಿದೆ. ಸ್ವಿಚ್ ಒತ್ತದೆ ಬಿಟ್ಟಿರುವಾಗ ಮೋಟಾರಿನ ಎರಡೂ ತಂತಿಗಳು ಸ್ವಿಚ್ಚಿನೊಳಗೇ ಅರ್ಥಿಂಗ್‌ಗೆ ಕೂಡಿಕೊಂಡಿರುತ್ತವೆ. ಮುಂದಕ್ಕೆ ಒತ್ತಿದರೆ ಒಂದು ತಂತಿ ಅರ್ಥಿಂಗ್ ಬಿಟ್ಟು 12 ವೋಲ್ಟಿಗೆ ಸೇರುತ್ತದೆ, ಇನ್ನೊಂದು ಅರ್ಥಿಂಗ್‌ನಲ್ಲೇ ಉಳಿಯುತ್ತದೆ. ಹಿಂದಕ್ಕೆ ಒತ್ತಿದರೆ ಇವೆರಡರ ಪಾತ್ರ ಅದಲುಬದಲಾಗಿ ಮೋಟಾರ್ ತಿರುವುಮುರುವಾಗಿ ತಿರುಗುತ್ತದೆ. ಆದ್ದರಿಂದ ಯಾರಾದರೂ ‘ಸೀಟು ಮುಂದ ಹೋಗತೈತಿ, ಹಿಂದ ಬರವಲ್ದು’ ಎಂದರೆ ಮೋಟಾರನ್ನು ಸಂಶಯದ ಪಟ್ಟಿಯಿಂದ ಬಹುಮಟ್ಟಿಗೆ ತೆಗೆದುಹಾಕಬಹುದು, ಏಕೆಂದರೆ ಒಂದು ದಿಕ್ಕಿಗೆ ತಿರುಗಬಲ್ಲ ಮೋಟಾರ್ ಇನ್ನೊಂದು ದಿಕ್ಕಿಗೂ ತಿರುಗಬಲ್ಲದು. ಆಗ ದೋಷ ಸ್ವಿಚ್ಚಿನ ಒಳಗಿನ ಸಂಪರ್ಕಬಿಂದುಗಳಲ್ಲಿರುವ ಸಾಧ್ಯತೆಯೇ ಹೆಚ್ಚು. ಹಿಂದಕ್ಕೆ ವಿದ್ಯುತ್ ಕೊಡುವ ಬಿಂದು ಸವೆದಿರಬಹುದು, ಇಲ್ಲವೇ ಎದುರು ತಂತಿಯನ್ನು ಅರ್ಥಿಂಗ್‌ಗೆ ಸೇರಿಸುವ ಬಿಂದುವಿನಲ್ಲಿ ಕೊಳೆ ಕೂತಿರಬಹುದು. ಈ ಎರಡನೆಯ ಸಾಧ್ಯತೆಯನ್ನು ಅನುಭವಿ ಕೆಲಸಗಾರರೂ ಎಷ್ಟೋ ಸಲ ಮರೆಯುತ್ತಾರೆ.

ಕೈ ಹಾಕುವ ಮೊದಲು: ಏರ್‌ಬ್ಯಾಗ್

ಪಕ್ಕದ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದರ ತಂತಿಯೂ ಇದೇ ಸೀಟಿನ ಕೆಳಗಿನಿಂದ ಹಾದುಹೋಗುತ್ತದೆ, ಮತ್ತು ಅದರ ಕಪ್ಲರ್ ಸಾಮಾನ್ಯವಾಗಿ ಹಳದಿ ಬಣ್ಣದ್ದಾಗಿರುತ್ತದೆ. ಆ ಹಳದಿ ಕಪ್ಲರಿಗೆ ಮೀಟರಿನ ಕಡ್ಡಿಯನ್ನಾಗಲಿ ಟೆಸ್ಟ್ ಲ್ಯಾಂಪನ್ನಾಗಲಿ ಯಾವ ಕಾರಣಕ್ಕೂ ತಾಗಿಸಬೇಡಿ. ಮೀಟರ್ ಓಮ್ (ತಂತಿಯ ವಿದ್ಯುತ್ ತಡೆ) ಅಳೆಯುವಾಗ ಕಳುಹಿಸುವ ಅಲ್ಪ ವಿದ್ಯುತ್ತನ್ನೂ ಅಲ್ಲಿಗೆ ಹರಿಯಬಿಡಬಾರದು. ಏರ್‌ಬ್ಯಾಗ್ ಹಠಾತ್ತನೆ ಸಿಡಿದರೆ ಸೀಟಿನ ಮೇಲೆ ಬಾಗಿ ಕೆಲಸ ಮಾಡುವವರ ಮುಖಕ್ಕೆ, ಕೈಗೆ ಗಂಭೀರ ಪೆಟ್ಟಾಗುತ್ತದೆ.

ಸೀಟಿನ ಕೆಳಗಿನ ಕಪ್ಲರುಗಳನ್ನು ಬಿಡಿಸುವ ಅಥವಾ ಸೀಟನ್ನೇ ಇಳಿಸುವ ಪ್ರಸಂಗ ಬಂದರೆ ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ. ನಾನಂತೂ ಹತ್ತು ನಿಮಿಷ ಕಾಯುತ್ತೇನೆ, ಏಕೆಂದರೆ ಏರ್‌ಬ್ಯಾಗ್ ಘಟಕದೊಳಗೆ ಸಂಗ್ರಹವಾದ ವಿದ್ಯುತ್ ಇಳಿಯಲು ಸಮಯ ಬೇಕು. ವಿಜಯಪುರದ ಬೇಸಿಗೆಯ ಒಣಹವೆಯಲ್ಲಿ ಸೀಟಿನ ಬಟ್ಟೆಗೆ ಮೈ ಉಜ್ಜಿದರೆ ಸ್ಥಿರವಿದ್ಯುತ್ ಹುಟ್ಟುತ್ತದೆ. ಕಪ್ಲರ್ ಮುಟ್ಟುವ ಮೊದಲು ಕಾರಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ. ಏರ್‌ಬ್ಯಾಗ್ ಕಪ್ಲರ್ ಬಿಚ್ಚಿರುವಾಗ ಇಗ್ನಿಷನ್ ಆನ್ ಮಾಡಿದರೆ ಎಚ್ಚರಿಕೆ ದೀಪ ಹತ್ತಿಕೊಂಡು, ಮುಂದೆ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಸಾಧನ) ಹಾಕಿ ಅಳಿಸುವವರೆಗೂ ಉಳಿದುಬಿಡಬಹುದು. ಆದ್ದರಿಂದ ಮುಂದೆ ಹೇಳುವ ಪರೀಕ್ಷೆಗಳನ್ನು ಸಾಧ್ಯವಾದ ಮಟ್ಟಿಗೆ ಸೀಟು ತನ್ನ ಜಾಗದಲ್ಲೇ ಇರುವಾಗ, ಎಲ್ಲ ಕಪ್ಲರುಗಳೂ ಕೂಡಿಕೊಂಡಿರುವಾಗ ಮಾಡುವುದು ಒಳ್ಳೆಯದು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, 21 ವ್ಯಾಟ್ ಬಲ್ಬಿಗೆ ಎರಡು ತಂತಿ ಬೆಸೆದು ಮಾಡಿದ ಟೆಸ್ಟ್ ಲ್ಯಾಂಪ್, ನಡುವೆ 15 ಆಂಪಿಯರ್ ಫ್ಯೂಸ್ ಇರುವ ಎರಡು ಮೀಟರ್ ಉದ್ದದ ತಂತಿ, ಕೆಲವು ಗುಂಡುಸೂಜಿಗಳು, ಬೆಳಕಿಗೆ ಟಾರ್ಚ್, ಮತ್ತು ಸೀಟಿನ ಬೋಲ್ಟಿಗೆ ಹೊಂದುವ ಪಾನಾ. ಹಲವು ಕಾರುಗಳಲ್ಲಿ ಈ ಬೋಲ್ಟುಗಳ ತಲೆ ನಕ್ಷತ್ರದಾಕಾರದ ಟಾರ್ಕ್ಸ್ ಮಾದರಿಯದಾಗಿರುತ್ತದೆ. ಅದಕ್ಕೆ ಸರಿಯಾದ ಬಿಟ್ ಇಲ್ಲದೆ ಬೇರೇನನ್ನೋ ಹಾಕಿ ತಿರುಗಿಸಿದರೆ ತಲೆ ಸವೆದು ಕೆಲಸ ಕೆಡುತ್ತದೆ.

ಮೊದಲ ಹಂತ: ಕೇಳುವುದು, ನೋಡುವುದು

ಸಂಜೆ ಕತ್ತಲಾದ ಮೇಲೆ, ಗದ್ದಲವಿಲ್ಲದ ಕಡೆ ಕಾರು ನಿಲ್ಲಿಸಿ ಎಂಜಿನ್ ಆರಿಸಿ, ಬಾಗಿಲು ತೆರೆದು ಒಳದೀಪ ಹತ್ತುವಂತೆ ಮಾಡಿ. ಕೆಲಸ ಮಾಡದ ಸ್ವಿಚ್ಚನ್ನು ಒತ್ತಿ ಒಳದೀಪವನ್ನು ಗಮನಿಸಿ. ದೀಪ ತುಸು ಮಂಕಾದರೆ ಮೋಟಾರಿಗೆ ವಿದ್ಯುತ್ ಹರಿಯುತ್ತಿದೆ ಎಂದರ್ಥ. ಸೀಟು ಎಲ್ಲೋ ಸಿಕ್ಕಿಕೊಂಡಿದೆ, ಇಲ್ಲವೇ ಮೋಟಾರಿನ ಒಳಭಾಗ ಹಿಡಿದುಕೊಂಡಿದೆ. ದೀಪ ಸ್ವಲ್ಪವೂ ಕದಲದಿದ್ದರೆ ದಾರಿಯಲ್ಲೇ ಎಲ್ಲೋ ಸಂಪರ್ಕ ಕಡಿದಿದೆ. ಹೊಸ ಕಾರುಗಳಲ್ಲಿ ಎಲ್‌ಇಡಿ ದೀಪವಿದ್ದರೆ ಅದು ಮಂಕಾಗುವುದು ಕಣ್ಣಿಗೆ ತಿಳಿಯದಿರಬಹುದು, ಆಗ ಬ್ಯಾಟರಿಗೆ ಮೀಟರ್ ಹಚ್ಚಿ ವೋಲ್ಟ್ ಇಳಿಯುತ್ತದೆಯೇ ಎಂದು ನೋಡಿ.

ಮೋಟಾರ್ ಗುಂಯ್ ಎಂದು ತಿರುಗುವುದು ಕೇಳಿಸಿಯೂ ಸೀಟು ಕದಲದಿದ್ದರೆ ಅದು ವಿದ್ಯುತ್ ದೋಷವಲ್ಲ. ಹಲ್ಲುಚಕ್ರ ಸವೆದಿದೆ, ಇಲ್ಲವೇ ಮೋಟಾರಿನಿಂದ, ಸೀಟು ಜಾರುವ ಹಳಿಗೆ ಹೋಗುವ ಬಾಗುವ ಕೇಬಲ್ ಕಳಚಿದೆ. ಸೀಟು ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ನಿಂತು, ಕೈಯಿಂದ ಅಲುಗಿಸಿದರೆ ಮತ್ತೆ ನಡೆದರೆ, ಸೀಟಿನೊಡನೆ ಎಳೆದಾಡುವ ವೈರಿಂಗ್‌ನಲ್ಲಿ ಒಂದು ತಂತಿ ಒಳಗೇ ತುಂಡಾಗಿದೆ. ಯಾರೂ ಒತ್ತದೆಯೇ ಸೀಟು ತಾನಾಗಿ ಸರಿಯುತ್ತಿದ್ದರೆ ಕಾರಣ ಹುಡುಕುತ್ತ ಕೂರದೆ ತಕ್ಷಣ ಸೀಟಿನ ಫ್ಯೂಸ್ ಕಿತ್ತಿಡಿ. ಓಡುತ್ತಿರುವ ಕಾರಿನಲ್ಲಿ ಚಾಲಕನ ಸೀಟು ಸರಿದರೆ ಪ್ರಾಣಕ್ಕೇ ಅಪಾಯ. ಎಲ್ಲ ಚಲನೆಗಳೂ ಒಟ್ಟಿಗೇ ನಿಂತಿದ್ದರೆ, ಎಲ್ಲಕ್ಕೂ ಸಮಾನವಾದದ್ದು ಯಾವುದು ಎಂದು ಕೇಳಿಕೊಳ್ಳಿ: ಫ್ಯೂಸ್, ಮುಖ್ಯ ಕಪ್ಲರ್, ಅರ್ಥಿಂಗ್. ಮಾವನ ಕಾರಿನಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ.

ಎರಡನೆಯ ಹಂತ: ಬ್ಯಾಟರಿ ಮತ್ತು ಫ್ಯೂಸ್

ಕಾರು ಕೆಲವು ಗಂಟೆ ನಿಂತ ಮೇಲೆ ಆರೋಗ್ಯವಂತ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12 ವೋಲ್ಟಿಗಿಂತ ಕೆಳಗಿದ್ದರೆ ಮೊದಲು ಅದನ್ನು ಚಾರ್ಜ್ ಮಾಡಿಸಿ. ಸೊರಗಿದ ಬ್ಯಾಟರಿಯಲ್ಲಿ ಮಾಡಿದ ಯಾವ ಅಳತೆಯನ್ನೂ ನಂಬುವಂತಿಲ್ಲ.

ಪವರ್ ಸೀಟಿನ ಫ್ಯೂಸ್ ಹಲವು ಕಾರುಗಳಲ್ಲಿ 30 ಆಂಪಿಯರಿನದಾಗಿರುತ್ತದೆ, ಬಣ್ಣ ಹಸಿರು. ಅದು ಯಾವ ಪೆಟ್ಟಿಗೆಯಲ್ಲಿದೆ ಎಂಬುದು ಪೆಟ್ಟಿಗೆಯ ಮುಚ್ಚಳದ ಒಳಬದಿಯ ನಕ್ಷೆಯಲ್ಲಿ ಅಥವಾ ಕೈಪಿಡಿಯಲ್ಲಿ ಇರುತ್ತದೆ. ಫ್ಯೂಸನ್ನು ಕಿತ್ತು ಕಣ್ಣಿನಿಂದ ನೋಡಿ ಚೆನ್ನಾಗಿದೆ ಎಂದು ಬಿಡಬೇಡಿ. ಅದು ತನ್ನ ಜಾಗದಲ್ಲಿರುವಾಗಲೇ, ಟೆಸ್ಟ್ ಲ್ಯಾಂಪಿನ ಒಂದು ತಂತಿಯನ್ನು ಕಾರಿನ ಬಣ್ಣವಿಲ್ಲದ ಲೋಹಕ್ಕೆ ಹಿಡಿದು, ಇನ್ನೊಂದನ್ನು ಫ್ಯೂಸಿನ ಬೆನ್ನಿನ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳಿಗೆ ಒಂದಾದ ಮೇಲೊಂದರಂತೆ ತಾಗಿಸಿ. ಎರಡೂ ಕಡೆ ಒಂದೇ ಪ್ರಕಾಶ ಬಂದರೆ ಫ್ಯೂಸ್ ಸರಿ. ಒಂದೇ ಕಡೆ ಬಂದರೆ ಸುಟ್ಟಿದೆ. ಎರಡೂ ಕಡೆ ಬರದಿದ್ದರೆ ವಿದ್ಯುತ್ ಅಲ್ಲಿಯವರೆಗೇ ತಲುಪಿಲ್ಲ. ಆದರೆ ಕೆಲವು ಕಾರುಗಳಲ್ಲಿ ಇಗ್ನಿಷನ್ ಆನ್ ಇದ್ದಾಗ ಅಥವಾ ಬಾಗಿಲು ತೆರೆದಾಗ ಮಾತ್ರ ರಿಲೇ (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್) ಮೂಲಕ ವಿದ್ಯುತ್ ಬರುತ್ತದೆ ಎಂಬುದು ನೆನಪಿರಲಿ. ಇನ್ನು ಕೆಲವು ಕಾರುಗಳಲ್ಲಿ ಫ್ಯೂಸಿನ ಬದಲು ತಾನಾಗಿ ಕೂಡಿಕೊಳ್ಳುವ ಬ್ರೇಕರ್ ಇರುತ್ತದೆ. ಅದು ಬಿಸಿಯಾದಾಗ ಕಡಿದು, ತಣ್ಣಗಾದಾಗ ಮತ್ತೆ ಕೂಡುತ್ತದೆ.

ಸುಟ್ಟ ಫ್ಯೂಸಿನ ಜಾಗದಲ್ಲಿ 40 ಆಂಪಿಯರಿನದನ್ನು ಹಾಕುವುದಾಗಲಿ, ತಂತಿ ಸುತ್ತುವುದಾಗಲಿ ಕೂಡದು. ಆಗ ಸುಡುವುದು ಕಾರ್ಪೆಟ್ಟಿನ ಕೆಳಗಿನ ವೈರಿಂಗ್, ಮತ್ತು ಅದು ಬೆಂಕಿಯಲ್ಲಿ ಕೊನೆಗೊಳ್ಳಬಹುದು. ಹೊಸ ಫ್ಯೂಸ್ ಹಾಕಿದ ಕೂಡಲೇ ಸುಟ್ಟರೆ ತಂತಿಯೊಂದು ಲೋಹಕ್ಕೆ ತಾಗಿದೆ. ಒಂದು ನಿರ್ದಿಷ್ಟ ಸ್ವಿಚ್ ಒತ್ತಿದಾಗ ಮಾತ್ರ ಸುಟ್ಟರೆ ಆ ಮೋಟಾರ್ ಅಥವಾ ಅದಕ್ಕೆ ಹೋಗುವ ತಂತಿಗಳಲ್ಲಿ ದೋಷವಿದೆ.

ಮೂರನೆಯ ಹಂತ: ಸೀಟಿನ ಕೆಳಗೆ

ಟಾರ್ಚ್ ಹಿಡಿದು ಮುಂದಿನಿಂದಲೂ ಹಿಂದಿನಿಂದಲೂ ಸೀಟಿನ ಕೆಳಗೆ ನೋಡಿ. ತಲೆ ತೂರದ ಕಡೆ ಮೊಬೈಲ್ ತೂರಿಸಿ ವಿಡಿಯೊ ತೆಗೆದುಕೊಳ್ಳಿ. ನಮ್ಮ ಭಾಗದ ಕಾರುಗಳಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ: ಹಳಿಯ ಹಲ್ಲಿನಲ್ಲಿ ಸಿಕ್ಕಿಕೊಂಡ ಶೇಂಗಾ ಸಿಪ್ಪೆ, ಉರುಳಿಹೋದ ನೀರಿನ ಬಾಟಲಿ, ನಾಣ್ಯ, ಒಮ್ಮೆ ಶಾಖಕ್ಕೆ ಕರಗಿ ಗೋಂದಿನಂತೆ ಅಂಟಿಕೊಂಡಿದ್ದ ಒಣದ್ರಾಕ್ಷಿಯ ಗೊಂಚಲು. ಬಾಗಲಕೋಟೆಯ ಸುತ್ತಲಿನ ಸುಣ್ಣದ ಕಲ್ಲಿನ ನುಣುಪು ಧೂಳು ಹಳೆಯ ಗ್ರೀಸಿನಲ್ಲಿ ಬೆರೆತರೆ ಸಾಣೆ ಹಿಡಿಯುವ ಪುಡಿಯಂತೆ ಹಳಿಯನ್ನು ತಿನ್ನುತ್ತದೆ. ಹೀಗೆ ಬಿಗಿಯಾದ ಹಳಿಯ ಮೇಲೆ ಮೋಟಾರ್ ಹೆಚ್ಚು ವಿದ್ಯುತ್ ಎಳೆದು ಫ್ಯೂಸನ್ನು ಸುಡುತ್ತದೆ. ನೋಡುವವರಿಗೆ ಅದು ವಿದ್ಯುತ್ ದೋಷದಂತೆಯೇ ಕಾಣುತ್ತದೆ.

ಬೆಳಗಾವಿ, ಖಾನಾಪುರದ ಕಡೆಯ ಕಾರುಗಳಲ್ಲಿ ಕಥೆ ಬೇರೆ. ಅಲ್ಲಿ ಮಳೆಗಾಲವಿಡೀ ಒದ್ದೆ ಚಪ್ಪಲಿ, ಒದ್ದೆ ಕೊಡೆಗಳಿಂದ ಕಾರ್ಪೆಟ್ ಒಣಗುವುದೇ ಇಲ್ಲ, ಕಪ್ಲರುಗಳ ಒಳಗೆ ಕಿಲುಬು ಹತ್ತುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿದಾಗ ನೀರಿನಲ್ಲಿ ನಿಂತ ಕಾರುಗಳ ವೈರಿಂಗ್ ಮೇಲೆ ಒಣಗಿದಂತೆ ಕಂಡರೂ ಒಳಗೆ ನಿಧಾನವಾಗಿ ಕೆಡುತ್ತ ಹೋಗುತ್ತದೆ. ಸೆಕೆಂಡ್‌ಹ್ಯಾಂಡ್ ಕಾರು ಕೊಂಡವರು ಕಾರ್ಪೆಟ್ಟಿನ ಅಂಚನ್ನು ಎತ್ತಿ, ಸೀಟಿನ ಬೋಲ್ಟುಗಳ ಬುಡದಲ್ಲಿ ಕೆಸರಿನ ಗೆರೆಯಿದೆಯೇ ಎಂದು ನೋಡಬೇಕು. ಹಾಗಿದ್ದರೆ ಏರ್‌ಬ್ಯಾಗ್ ವ್ಯವಸ್ಥೆಯ ತಪಾಸಣೆಯನ್ನು ಸರ್ವಿಸ್ ಸೆಂಟರಿಗೇ ಒಪ್ಪಿಸಿ.

ನಾಲ್ಕನೆಯ ಹಂತ: ಭಾರದಡಿಯ ಅಳತೆ

ಇಡೀ ಕೆಲಸದಲ್ಲಿ ಇದೇ ಮುಖ್ಯ, ಹೆಚ್ಚಿನ ತಪ್ಪುಗಳು ಆಗುವುದೂ ಇಲ್ಲೇ. ಕಪ್ಲರ್ ಬಿಚ್ಚಿ ಮೀಟರ್ ಇಟ್ಟರೆ 12.5 ವೋಲ್ಟ್ ಕಾಣುತ್ತದೆ, ಆದ್ದರಿಂದ ತಂತಿ ಸರಿಯಿದೆ, ಮೋಟಾರೇ ಕೆಟ್ಟಿದೆ ಎಂದು ತೀರ್ಮಾನಿಸುತ್ತಾರೆ. ಇಪ್ಪತ್ತು ಎಳೆಗಳ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಅಷ್ಟೇ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ವಿದ್ಯುತ್ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ದ್ರಾಕ್ಷಿ ತೋಟದ ನೀರಿನ ಪೈಪಿಗೆ ಕಲ್ಲು ಸಿಕ್ಕಿದ್ದಾಗ ಕೊನೆಯ ವಾಲ್ವ್ ಮುಚ್ಚಿದ್ದರೆ ಒತ್ತಡದ ಮಾಪಕ ಪೂರ್ತಿ ತೋರಿಸುತ್ತದೆ, ವಾಲ್ವ್ ತೆರೆದಾಗ ಮಾತ್ರ ನೀರು ತೊಟ್ಟಿಕ್ಕುವುದು ಕಾಣುತ್ತದೆ. ಇಲ್ಲಿಯೂ ಹಾಗೆಯೇ, ವಿದ್ಯುತ್ ಹರಿಯುವಾಗಲೇ ಅಳೆಯಬೇಕು.

ಸ್ವಿಚ್ಚಿನ ಕಪ್ಲರನ್ನು ಬಿಚ್ಚದೆ, ಅದರ ಹಿಂಬದಿಯಿಂದ ತಂತಿಯ ಪಕ್ಕದಲ್ಲೇ ಗುಂಡುಸೂಜಿಯನ್ನು ಮೆಲ್ಲನೆ ತೂರಿಸಿ. ತಂತಿಯ ಹೊದಿಕೆಯನ್ನು ಚುಚ್ಚಬೇಡಿ, ಆ ತೂತಿನಿಂದಲೇ ಮುಂದೆ ತೇವ ಹೊಗುತ್ತದೆ. ಮೀಟರಿನ ಕಪ್ಪು ಕಡ್ಡಿಯನ್ನು ಉದ್ದ ತಂತಿಯಿಂದ ಬ್ಯಾಟರಿಯ ನೆಗೆಟಿವ್‌ಗೆ ಸೇರಿಸಿ, ಕೆಂಪು ಕಡ್ಡಿಯನ್ನು ಸ್ವಿಚ್ಚಿಗೆ ವಿದ್ಯುತ್ ತರುವ ತಂತಿಯ ಸೂಜಿಗೆ ತಾಗಿಸಿ, ಜೊತೆಗಾರರಿಗೆ ಸ್ವಿಚ್ ಒತ್ತಿ ಹಿಡಿಯಲು ಹೇಳಿ. ಬ್ಯಾಟರಿಯಲ್ಲಿ ಆ ಕ್ಷಣ ಇರುವುದಕ್ಕಿಂತ ಇಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಡಿಮೆಯಿದ್ದರೆ ಬ್ಯಾಟರಿಯಿಂದ ಸ್ವಿಚ್ಚಿನವರೆಗಿನ ದಾರಿಯಲ್ಲಿ ದೋಷವಿದೆ. ನಂತರ ಕೆಂಪು ಕಡ್ಡಿಯನ್ನು ಅರ್ಥಿಂಗ್ ತಂತಿಯ ಸೂಜಿಗೆ ತಾಗಿಸಿ ಮತ್ತೆ ಒತ್ತಿಸಿ. ಇಲ್ಲಿ ಸೊನ್ನೆಯ ಹತ್ತಿರ, ಹೆಚ್ಚೆಂದರೆ 0.2 ವೋಲ್ಟ್ ಕಾಣಬೇಕು. ಮಾವನ ಕಾರಿನಲ್ಲಿ ಸ್ವಿಚ್ ಬಿಟ್ಟಾಗ ಸೊನ್ನೆಯಿದ್ದ ಮೀಟರ್ ಒತ್ತಿದ ಕೂಡಲೇ 11 ವೋಲ್ಟಿನ ಮೇಲೆ ಹಾರಿತು. ವಿದ್ಯುತ್ ಮೋಟಾರನ್ನು ದಾಟಿ ಬಂದಿತ್ತು, ಹೊರಗೆ ಹೋಗಲು ದಾರಿಯಿರಲಿಲ್ಲ. ಆ ಒಂದು ಅಂಕಿಯೇ ಅರ್ಥಿಂಗ್ ಬೋಲ್ಟಿನವರೆಗೆ ನಮ್ಮನ್ನು ಕರೆದೊಯ್ದಿತು.

ಮೋಟಾರ್ ಇಲ್ಲದಿದ್ದರೆ, ಅಥವಾ ಅದೇ ಕೆಟ್ಟಿರಬಹುದೆಂಬ ಅನುಮಾನವಿದ್ದರೆ, ಅದರ ಜಾಗದಲ್ಲಿ 21 ವ್ಯಾಟ್ ಬಲ್ಬನ್ನು ಹಚ್ಚಿ. ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಪೂರ್ತಿ ಪ್ರಕಾಶ ಬಾರದಿದ್ದರೆ ದಾರಿ ಕೆಟ್ಟಿದೆ. ಬಂದರೂ ಮೋಟಾರ್ ಎಳೆಯುವ ವಿದ್ಯುತ್ ಇದಕ್ಕಿಂತ ಹೆಚ್ಚಾದ್ದರಿಂದ ಕೊನೆಯ ಮಾತನ್ನು ಮೋಟಾರ್ ಹಚ್ಚಿದ ಅಳತೆಗೇ ಬಿಡಿ.

ಐದನೆಯ ಹಂತ: ಸ್ವಿಚ್ ಮತ್ತು ಮೋಟಾರ್

ಸ್ವಿಚ್ಚಿಗೆ ಬರುವ ವಿದ್ಯುತ್ತೂ ಅರ್ಥಿಂಗ್ ಸಹ ಸರಿಯಾಗಿದ್ದು ಹೊರಹೋಗುವ ತಂತಿಯಲ್ಲಿ ಒತ್ತಿದಾಗ ವೋಲ್ಟ್ ಬಾರದಿದ್ದರೆ ಸ್ವಿಚ್ಚಿನಲ್ಲೇ ದೋಷ. ಹೊರಹೋಗುವ ಎರಡೂ ತಂತಿಗಳನ್ನು ಎರಡೂ ದಿಕ್ಕಿನಲ್ಲಿ ಒತ್ತಿಸಿ ಅಳೆಯಿರಿ. ಯಾವುದು 12ಕ್ಕೆ ಏರಬೇಕೋ ಅದು ಏರಬೇಕು, ಯಾವುದು ಸೊನ್ನೆಯಲ್ಲಿ ಉಳಿಯಬೇಕೋ ಅದು ಉಳಿಯಬೇಕು. ಚಹಾ ಚೆಲ್ಲಿ ಅಂಟಾದ ಸ್ವಿಚ್ಚುಗಳು ಎಷ್ಟೋ ಸಲ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಾರು ಬಾರಿ ಒತ್ತಿದರೆ ಸರಿಹೋಗುತ್ತವೆ. ಸಿಂಪಡಿಸುವಾಗ ಬ್ಯಾಟರಿ ಕಳಚಿರಲಿ, ದ್ರವ ಪೂರ್ತಿ ಆರಲಿ. ಬಿಂದುಗಳು ಸುಟ್ಟು ಕಪ್ಪಾಗಿದ್ದರೆ ಸ್ವಿಚ್ ಬದಲಿಸುವುದೇ ಸರಿ.

ಸ್ವಿಚ್ ಒತ್ತಿದಾಗ ಮೋಟಾರಿನ ಎರಡು ತಂತಿಗಳ ನಡುವೆಯೇ 11 ವೋಲ್ಟ್ ಅಥವಾ ಹೆಚ್ಚು ಬರುತ್ತಿದ್ದು ಮೋಟಾರ್ ಸುಮ್ಮನಿದ್ದರೆ, ಈಗ ಮಾತ್ರ ಮೋಟಾರನ್ನು ಅಪರಾಧಿ ಎನ್ನಬಹುದು. ಖಚಿತಪಡಿಸಿಕೊಳ್ಳಲು ಮೊದಲು ಹೇಳಿದಂತೆ ಬ್ಯಾಟರಿ ಕಳಚಿ, ಕಾದು, ಮೋಟಾರಿನ ಕಪ್ಲರ್ ಬಿಡಿಸಿ. ಬೇರೆ ಬ್ಯಾಟರಿಯೊಂದರಿಂದ ಫ್ಯೂಸ್ ಇರುವ ತಂತಿಯ ಮೂಲಕ ಎರಡು ದಪ್ಪ ತಂತಿಗಳಿಗೆ ನೇರವಾಗಿ ವಿದ್ಯುತ್ ಕೊಡಿ, ನಂತರ ತಿರುವುಮುರುವು ಮಾಡಿ ಕೊಡಿ. ಮೋಟಾರಿಗೆ ತೆಳುವಾದ ತಂತಿಗಳೂ ಇದ್ದರೆ ಅವು ಸ್ಥಾನ ಅರಿಯುವ ಸಂವೇದಕದವು. ಅವುಗಳಿಗೆ 12 ವೋಲ್ಟ್ ತಾಗಿದರೆ ಸಂವೇದಕ ಸುಡುತ್ತದೆ. ನೇರ ವಿದ್ಯುತ್ ಕೊಡುವ ಈ ವಿಧಾನಕ್ಕೆ ಇನ್ನೊಂದು ದೊಡ್ಡ ಉಪಯೋಗವಿದೆ. ಪೂರ್ತಿ ಹಿಂದೆ ನಿಂತ ಸೀಟಿನ ಹಿಂಬದಿಯ ಬೋಲ್ಟುಗಳಿಗೆ ಪಾನಾ ಹೋಗುವುದಿಲ್ಲ. ಮೋಟಾರ್ ಜೀವಂತವಿದ್ದರೆ ಹೀಗೆ ಸೀಟನ್ನು ಮುಂದೆ ತಂದು ಬೋಲ್ಟ್ ಬಿಚ್ಚಬಹುದು.

ಮೋಟಾರನ್ನು ಪಾನಾದ ಹಿಡಿಯಿಂದ ಮೆಲ್ಲನೆ ತಟ್ಟಿದಾಗ ತಿರುಗಲು ಶುರುವಾದರೆ ಒಳಗಿನ ಕಾರ್ಬನ್ ಬ್ರಷ್‌ಗಳು ಸವೆದಿವೆ. ಅದು ಮತ್ತೆ ನಿಲ್ಲುವುದು ಖಂಡಿತ, ಆದರೆ ಅಷ್ಟರಲ್ಲಿ ಸೀಟನ್ನು ಬೇಕಾದ ಜಾಗಕ್ಕೆ ತಂದುಕೊಳ್ಳಬಹುದು.

ಮೆಮೊರಿ ಇರುವ ಸೀಟುಗಳು

ಎರಡು ಮೂರು ಜನರ ಸ್ಥಾನವನ್ನು ನೆನಪಿಡುವ ಸೀಟಿನಲ್ಲಿ ಸ್ವಿಚ್ ನೇರವಾಗಿ ಮೋಟಾರನ್ನು ನಡೆಸುವುದಿಲ್ಲ, ನಡುವಿನ ಮಾಡ್ಯೂಲಿಗೆ (ಮೋಟಾರುಗಳನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕಕ್ಕೆ) ಸಂಕೇತವನ್ನಷ್ಟೇ ಕಳುಹಿಸುತ್ತದೆ. ಸ್ವಿಚ್ಚಿನ ತೆಳು ತಂತಿಗಳಲ್ಲಿ 12 ವೋಲ್ಟ್ ಹುಡುಕುವುದು ವ್ಯರ್ಥ. ಅಳತೆಯನ್ನು ಮಾಡ್ಯೂಲಿನ ದಪ್ಪ ತಂತಿಗಳಲ್ಲಿ ಮಾಡಬೇಕು. ಸೀಟು ಸ್ವಲ್ಪ ಸರಿದು ನಿಲ್ಲುವುದು, ಒತ್ತಿದಷ್ಟು ಬಾರಿ ತುಸು ತುಸುವೇ ಸರಿಯುವುದು ಸಂವೇದಕದ ದೋಷದ ಲಕ್ಷಣ. ಬ್ಯಾಟರಿ ಬದಲಿಸಿದ ಮೇಲೆ ಸ್ಥಾನ ಮರೆತಿದ್ದರೆ ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ಮತ್ತೆ ಕಲಿಸಬೇಕಾಗುತ್ತದೆ. ಇಂಥ ಕಾರಿಗೆ ಸ್ಕ್ಯಾನರ್ ಇಟ್ಟುಕೊಂಡ ಆಟೊ ಎಲೆಕ್ಟ್ರಿಷಿಯನ್ ಬಳಿ ಹೋಗುವುದರಿಂದ ಸಮಯ ಉಳಿಯುತ್ತದೆ.

ದುರಸ್ತಿ ಮತ್ತು ಮರುಜೋಡಣೆ

ತುಂಡಾದ ತಂತಿಯನ್ನು ತಿರುಚಿ ಟೇಪ್ ಸುತ್ತಿದರೆ ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗಿನ ಶಾಖಕ್ಕೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಅಷ್ಟೇ ದಪ್ಪದ ಹೊಸ ತಂತಿಯ ತುಂಡು ಸೇರಿಸಿ, ಸರಿಯಾದ ಅಳತೆಯ ಕ್ರಿಂಪ್ ಸ್ಲೀವ್ (ತಂತಿಯ ತುದಿಗಳನ್ನು ಹಿಡಿದಿಡುವ ಲೋಹದ ಪುಟ್ಟ ಕೊಳವೆ) ಒತ್ತಿ, ಮೇಲೆ ಶಾಖಕ್ಕೆ ಕುಗ್ಗುವ ಕೊಳವೆ ಹಾಕಿ. ತಂತಿಗಳ ಕಟ್ಟನ್ನು ಮೊದಲಿದ್ದ ಕ್ಲಿಪ್ಪುಗಳಲ್ಲೇ ಕೂರಿಸಿ, ಸೀಟು ಪೂರ್ತಿ ಹಿಂದೆ ಮುಂದೆ ಹೋದಾಗ ಎಲ್ಲಿಯೂ ಬಿಗಿಯದಂತೆ, ಹಳಿಗೆ ಸಿಗದಂತೆ ಸಡಿಲ ಬಿಡಿ. ಹಳಿಗಳಿಗೆ ಮೊದಲು ವ್ಯಾಕ್ಯೂಮ್ ಹಚ್ಚಿ ಧೂಳು ತೆಗೆದು, ಹಳೆಯ ಗ್ರೀಸ್ ಒರೆಸಿ, ಆಮೇಲೆ ಬಿಳಿ ಲಿಥಿಯಂ ಗ್ರೀಸನ್ನು ತೆಳುವಾಗಿ ಸವರಿ. ಧೂಳಿನ ಮೇಲೆಯೇ ಹೊಸ ಗ್ರೀಸ್ ಮೆತ್ತುವುದಕ್ಕಿಂತ ಏನೂ ಹಚ್ಚದಿರುವುದು ಮೇಲು.

ಅರ್ಥಿಂಗ್ ಬೋಲ್ಟನ್ನು ಉಜ್ಜುವಾಗ ಬೋಲ್ಟನ್ನಷ್ಟೇ ಅಲ್ಲ, ಅದು ಕೂರುವ ಲೋಹವನ್ನೂ ತಂತಿಯ ಉಂಗುರವನ್ನೂ ಹೊಳೆಯುವವರೆಗೆ ಉಜ್ಜಬೇಕು. ಬಿಗಿದ ಮೇಲೆ ಹೊರಗಿನಿಂದ ಗ್ರೀಸ್ ಸವರಿದರೆ ತೇವ ತಾಗುವುದಿಲ್ಲ.

ಸೀಟಿನ ಬೋಲ್ಟುಗಳು ಅಪಘಾತದಲ್ಲಿ ಕುಳಿತವರನ್ನು ಹಿಡಿದಿಡುವಂಥವು. ನಾಲ್ಕನ್ನೂ ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ, ನಂತರ ಟಾರ್ಕ್ ರೆಂಚಿನಿಂದ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಿರಿ. ಹಳದಿ ಕಪ್ಲರ್ ಟಕ್ ಎಂದು ಕೂತ ಸದ್ದು ಕೇಳಿದ ಮೇಲೆಯೇ ಬ್ಯಾಟರಿ ಜೋಡಿಸಿ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡುಗಳಲ್ಲಿ ಆರಬೇಕು, ಸೀಟ್ ಬೆಲ್ಟ್ ಎಚ್ಚರಿಕೆ ಬೆಲ್ಟ್ ಹಾಕಿದಾಗ ನಿಲ್ಲಬೇಕು. ಕೊನೆಯಲ್ಲಿ, ಕಾರು ನಡೆಸುವ ವ್ಯಕ್ತಿಯನ್ನೇ ಕೂರಿಸಿ, ಅವರ ಭಾರ ಸೀಟಿನ ಮೇಲಿರುವಾಗ ಪ್ರತಿ ಚಲನೆಯನ್ನೂ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎರಡು ಸಲ ನಡೆಸಿ, ಅರ್ಥಿಂಗ್‌ನ ಅಳತೆಯನ್ನು ಮತ್ತೊಮ್ಮೆ ತೆಗೆದು ನೋಡಿ. ಮುಧೋಳದಲ್ಲಿ ಅಂದು ಅತ್ತೆ ಕುಳಿತು ಸ್ವಿಚ್ ಒತ್ತಿದಾಗ ಮೀಟರ್ 0.08 ತೋರಿಸಿತು, ಸೀಟು ಬ್ರೇಕ್ ಪೆಡಲಿನ ಹತ್ತಿರಕ್ಕೆ ಸರಾಗವಾಗಿ ಸರಿಯಿತು.